ಮೇಲ್ದವಡೆಯಲ್ಲಿ 3 ಮಿಲಿಮೀಟರ್ ಮೂಳೆ ಮಾತ್ರ ಉಳಿದಿದೆ: ತಾಯಿಗೆ ಸೈನಸ್ ಲಿಫ್ಟ್ ಮಾಡಿಸಬೇಕೆ?

ಶಿರಸಿಯ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಈಗ 63 ವರ್ಷ. ಹುಳುಕು ಬೇರಿನವರೆಗೆ ಇಳಿದಿದ್ದರಿಂದ ಬಲಗಡೆಯ ಮೇಲಿನ ಎರಡು ದವಡೆಹಲ್ಲುಗಳನ್ನು ಹನ್ನೊಂದು ವರ್ಷಗಳ ಹಿಂದೆ ಕೀಳಿಸಿದ್ದೆವು. ಆ ಜಾಗದಲ್ಲಿ ಮುಂದೇನು ಮಾಡಬೇಕೆಂದು ಆಗ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಂತರ ಮಾಡಿಸಿದ, ತೆಗೆದು ಹಾಕುವ ಹಲ್ಲಿನ ಸೆಟ್ಟು ಅಂಗುಳಕ್ಕೆ ತಾಗಿದೊಡನೆ ಅವರಿಗೆ ವಾಕರಿಕೆ ಬರುತ್ತಿದ್ದುದರಿಂದ ಅದು ಡಬ್ಬಿಯಲ್ಲಿಯೇ ಉಳಿಯಿತು. ಅಲ್ಲಿಂದ ಇಲ್ಲಿಯವರೆಗೆ ಅವರು ಎಡಗಡೆಯಿಂದಲೇ ಅಗಿದು ಉಣ್ಣುತ್ತಿದ್ದಾರೆ.

ಈಗ ಇಂಪ್ಲಾಂಟ್ (ಮೂಳೆಗೆ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು) ಮಾಡಿಸೋಣವೆಂದು ಹುಬ್ಬಳ್ಳಿಯಲ್ಲಿ ಇಬ್ಬರು ದಂತವೈದ್ಯರನ್ನು ಕಂಡೆವು. ಇಬ್ಬರೂ ನೋಡಿದ್ದು ಒಂದೇ ಸಿಬಿಸಿಟಿ (ದವಡೆಯ ಮೂರು ಆಯಾಮದ ಎಕ್ಸ್-ರೇ) ಸ್ಕ್ಯಾನನ್ನು. ಮೊದಲ ದವಡೆಹಲ್ಲಿನ ಜಾಗದಲ್ಲಿ 3 ಮಿ.ಮೀ., ಎರಡನೆಯದರ ಜಾಗದಲ್ಲಿ ಸುಮಾರು 5 ಮಿ.ಮೀ. ಮೂಳೆ ಉಳಿದಿದೆ ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿದೆ. ಆದರೆ ಮೊದಲನೆಯವರು ಪಕ್ಕದಿಂದ ಕಿಂಡಿ ತೆಗೆದು ಸೈನಸ್ ಲಿಫ್ಟ್ ಮಾಡಿ, ಮೂಳೆ ಕಸಿ ತುಂಬಿ, ಎಂಟು ತಿಂಗಳು ಕಾದ ನಂತರವೇ ಇಂಪ್ಲಾಂಟ್ ಎಂದರೆ, ಎರಡನೆಯವರು ಎಲ್ಲವನ್ನೂ ಒಂದೇ ದಿನ ಮುಗಿಸಬಹುದು ಎಂದರು. ಖರ್ಚಿನ ಅಂದಾಜು ಚೀಟಿಯಲ್ಲಿ ‘ಬೋನ್ ಗ್ರಾಫ್ಟ್, 2 ಬಾಟಲಿ’ ಎಂದಿತ್ತು. ಅದೇನೆಂದು ಕೇಳಿದಾಗ ಅಲ್ಲಿಯ ಸಹಾಯಕಿ ‘ಪುಡಿ’ ಎಂದಷ್ಟೇ ಹೇಳಿದರು. ಹೊರಗೆ ಬಂದ ಮೇಲೆ ಆಯಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ: ‘ಆ ಪುಡಿ ಯಾವುದರದ್ದು?’ ನನ್ನ ಬಳಿ ಉತ್ತರವಿರಲಿಲ್ಲ.

ಅವರಿಗೆ ಸಕ್ಕರೆ ಕಾಯಿಲೆಯಿದೆ. ಕಳೆದ ತಿಂಗಳ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ) 8.6 ಇತ್ತು. ದಿನಕ್ಕೆ ಎರಡು ಮೂರು ಬಾರಿ ತಂಬಾಕು ಸೇರಿಸಿ ಕವಳ (ಎಲೆ-ಅಡಿಕೆ) ಹಾಕುತ್ತಾರೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ವಸಡುವೈದ್ಯ, ದಾವಣಗೆರೆ

ಮೇಡಂ, ಸ್ಕ್ಯಾನನ್ನು ಕಣ್ಣಾರೆ ನೋಡದೆ ನಿಮ್ಮ ತಾಯಿಯವರಿಗೆ ಇಂಥದ್ದೇ ಆಗಬೇಕೆಂದು ನಾನು ಹೇಳಲಾರೆ. ಆದರೆ ಇಬ್ಬರು ವೈದ್ಯರ ಮಾತು ಏಕೆ ಬೇರೆಯಾಯಿತು ಎಂಬುದನ್ನು ವಿವರಿಸಬಲ್ಲೆ.

ಮೇಲಿನ ದವಡೆಹಲ್ಲುಗಳ ನೆತ್ತಿಯಲ್ಲಿ, ಮೇಲ್ದವಡೆಯ ಮೂಳೆಯೊಳಗೆ, ಗಾಳಿ ತುಂಬಿದ ಒಂದು ಪೊಳ್ಳು ಕೋಣೆಯಿದೆ. ಅದೇ ಸೈನಸ್. ಅದನ್ನು ಅಟ್ಟವೆಂದುಕೊಂಡರೆ ಅಟ್ಟದ ನೆಲವೇ ಹಲ್ಲಿನ ಸೂರು. ಹಲ್ಲು ಇರುವವರೆಗೆ ಅಗಿಯುವ ಒತ್ತಡವು ಬೇರಿನ ಮೂಲಕ ಸುತ್ತಲಿನ ಮೂಳೆಗೆ ತಲುಪುತ್ತಿರುತ್ತದೆ ಮತ್ತು ಆ ಒತ್ತಡದಿಂದಲೇ ಆ ಮೂಳೆ ತನ್ನ ಗಾತ್ರವನ್ನು ಉಳಿಸಿಕೊಳ್ಳುತ್ತದೆ. ಹಲ್ಲು ಹೋದ ಮೇಲೆ ವಸಡಿನ ಕಡೆಯಿಂದ ಮೂಳೆ ಸವೆಯುತ್ತದೆ, ಮೇಲಿನಿಂದ ಸೈನಸ್ ಕೆಳಗಿಳಿಯುತ್ತದೆ. ಎರಡೂ ಕಡೆಯ ಈ ನಷ್ಟದಿಂದಾಗಿಯೇ ಹನ್ನೊಂದು ವರ್ಷಗಳಲ್ಲಿ 3 ಮಿ.ಮೀ. ಮಾತ್ರ ಉಳಿದಿರುವುದು. ಸಾಮಾನ್ಯವಾಗಿ ಹಾಕುವ ಇಂಪ್ಲಾಂಟ್ 8ರಿಂದ 12 ಮಿ.ಮೀ. ಉದ್ದವಿರುತ್ತದೆ, ಹಾಗೆಯೇ ಕೂರಿಸಿದರೆ ಅದರ ಬಹುಭಾಗ ಸೈನಸ್ಸಿನೊಳಗೆ ಚಾಚಿಕೊಳ್ಳುತ್ತದೆ.

ಸೈನಸ್ಸಿನ ಒಳಮೈಗೆ ಅಂಟಿಕೊಂಡು ಈರುಳ್ಳಿಯ ಪದರಗಳ ನಡುವಿನ ಪೊರೆಯಷ್ಟು ತೆಳ್ಳಗಿನ ಒಂದು ಪೊರೆಯಿರುತ್ತದೆ. ಆರೋಗ್ಯವಂತರಲ್ಲಿ ಅದು ಬಹುಮಟ್ಟಿಗೆ ಒಂದು ಮಿ.ಮೀ.ಗಿಂತ ತೆಳುವು. ಅದನ್ನು ಹರಿಯದಂತೆ ಮೂಳೆಯಿಂದ ಬಿಡಿಸಿ ಮೇಲಕ್ಕೆತ್ತಿ, ಕೆಳಗೆ ತೆರವಾದ ಜಾಗಕ್ಕೆ ಕಸಿ ತುಂಬುವುದೇ ಸೈನಸ್ ಲಿಫ್ಟ್. ಅಮೆರಿಕದ ಹಿಲ್ಟ್ ಟೇಟಮ್ 1970ರ ದಶಕದಲ್ಲಿ ಇದನ್ನು ರೂಪಿಸಿದರು. 1980ರಲ್ಲಿ ಬಾಯ್ನ್ ಮತ್ತು ಜೇಮ್ಸ್ ಇದರ ಬಗೆಗಿನ ಮೊದಲ ಪ್ರಬಂಧವನ್ನು ಪ್ರಕಟಿಸಿದರು. ಕಿಂಡಿ ತೆಗೆಯದೆ, ಇಂಪ್ಲಾಂಟಿಗೆ ಕೊರೆದ ರಂಧ್ರದ ಮೂಲಕವೇ ಸೈನಸ್ಸಿನ ನೆಲವನ್ನು ಮೆಲ್ಲಗೆ ಮೇಲಕ್ಕೆ ತಟ್ಟುವ ವಿಧಾನವನ್ನು ಸಮರ್ಸ್ 1994ರಲ್ಲಿ ಪ್ರಕಟಿಸಿದರು. ಉಳಿದ ಮೂಳೆ 5ರಿಂದ 8 ಮಿ.ಮೀ. ಇರುವಾಗ ಈ ಎರಡನೆಯ ವಿಧಾನ ಹೊಂದುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಪಕ್ಕದ ಕಿಂಡಿಯೇ ದಾರಿ.

ಒಂದೇ ದಿನವೋ, ಎಂಟು ತಿಂಗಳೋ ಎಂಬುದು ಬೇರೆ ಪ್ರಶ್ನೆ. ಇಂಪ್ಲಾಂಟ್ ಕೂರಿಸಿದ ದಿನ ಅದನ್ನು ಹಿಡಿದಿಡುವುದು ನಿಮ್ಮ ತಾಯಿಯ ಸ್ವಂತ ಮೂಳೆಯೇ ಹೊರತು ಕಸಿಯಲ್ಲ. ಕಸಿ ಆ ದಿನಕ್ಕೆ ಒದ್ದೆ ಮರಳಿನಂತಿರುತ್ತದೆ. 4 ಅಥವಾ 5 ಮಿ.ಮೀ. ಗಟ್ಟಿ ಮೂಳೆಯಿದ್ದರೆ ಎರಡನ್ನೂ ಒಟ್ಟಿಗೆ ಮಾಡಬಹುದು. 3 ಮಿ.ಮೀ.ನಲ್ಲಿ, ಅದರಲ್ಲೂ ಮೇಲ್ದವಡೆಯ ಹಿಂಭಾಗದ ಮೆತ್ತನೆಯ ಮೂಳೆಯಲ್ಲಿ, ಹಿಡಿತ ಸಿಗುವ ಭರವಸೆ ಕಡಿಮೆ. ಹಿಡಿತವಿಲ್ಲದ ಇಂಪ್ಲಾಂಟ್ ಸೈನಸ್ಸಿನೊಳಗೆ ಜಾರಿದ ಪ್ರಸಂಗಗಳೂ ಉಂಟು. ನುರಿತ ಕೆಲವರು 3 ಮಿ.ಮೀ.ನಲ್ಲಿಯೂ ಒಟ್ಟಿಗೆ ಮಾಡುತ್ತಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 8.6ರ ಸಕ್ಕರೆ ಮತ್ತು ತಂಬಾಕು ಇರುವವರಲ್ಲಿ ನಾನಾದರೆ ಕಾಯುತ್ತೇನೆ. ಮೊದಲು ಎಚ್‌ಬಿಎ1ಸಿ 7ರ ಆಸುಪಾಸಿಗೆ ಬರಲಿ. ಇನ್ನೊಂದು ವಿಷಯ: ಮೂಳೆ ಸವೆತಕ್ಕೆ ಅವರು ಮಾತ್ರೆಯನ್ನಾಗಲಿ, ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಔಷಧವನ್ನಾಗಲಿ ತೆಗೆದುಕೊಳ್ಳುತ್ತಿದ್ದಾರೆಯೆ? ಅವರ ಬಾಯಿ ಎಷ್ಟು ಅಗಲ ತೆರೆಯುತ್ತದೆ?

ನಿವೃತ್ತ ಮೇಷ್ಟ್ರು, ಮೈಸೂರು

ತಂಗಿ, ನನಗೆ ಈ ಶಸ್ತ್ರಚಿಕಿತ್ಸೆ ಎರಡು ಬಾರಿ ಆಗಿದೆ. ಎರಡು ಬಾರಿ ಏಕೆಂಬುದನ್ನು ಹೇಳಲೇಬೇಕು, ಏಕೆಂದರೆ ಅದರ ಬಗ್ಗೆ ಮುಂಚಿತವಾಗಿ ಕೇಳಿ ತಿಳಿದುಕೊಂಡಿರುವುದು ಬಹಳ ಮುಖ್ಯ.

ಮೊದಲ ಬಾರಿ ಕಿಂಡಿ ತೆಗೆದು ಪೊರೆಯನ್ನು ಬಿಡಿಸುತ್ತಿರುವಾಗ ಅದು ಹರಿಯಿತು. ನನ್ನ ಸೈನಸ್ಸಿನ ನೆಲದಲ್ಲಿ ಗದ್ದೆಯ ಬದುವಿನಂತೆ ಮೂಳೆಯ ಅಡ್ಡಗೋಡೆಯೊಂದಿತ್ತಂತೆ, ಪೊರೆ ಸಿಕ್ಕಿಕೊಂಡಿದ್ದು ಅಲ್ಲಿಯೇ. ವೈದ್ಯರು ಅಲ್ಲಿಗೆ ಕೆಲಸ ನಿಲ್ಲಿಸಿ, ಕಸಿ ತುಂಬದೆ ಹೊಲಿಗೆ ಹಾಕಿ, ನಾನು ಕುರ್ಚಿಯಿಂದ ಏಳುವ ಮೊದಲೇ ನಡೆದದ್ದನ್ನು ಹೇಳಿದರು. ಆ ದಿನ ನನಗೆ ಬಹಳ ನಿರಾಸೆಯಾಗಿತ್ತು. ದೊಡ್ಡದಾಗಿ ಹರಿದ ಪೊರೆಯ ಮೇಲೆ ಪುಡಿ ತುಂಬಿದ್ದರೆ ಅದು ಸೈನಸ್ಸಿನೊಳಗೆ ಸೋರಿ ಕೀವಾಗುತ್ತಿತ್ತು ಎಂದು ಆಮೇಲೆ ತಿಳಿದಾಗ ಅವರ ಬಗ್ಗೆ ಗೌರವ ಹೆಚ್ಚಾಯಿತು. ನಾಲ್ಕು ತಿಂಗಳ ನಂತರ ಅವರೇ ಎರಡನೆಯ ಬಾರಿ ಮಾಡಿದರು. ಈ ಸಲ ಪೀಜೋ ಯಂತ್ರದಿಂದ ಕಿಂಡಿ ಕೊಯ್ದರು. ಅದು ಗಟ್ಟಿ ಮೂಳೆಯನ್ನು ಮಾತ್ರ ಕತ್ತರಿಸುತ್ತದೆ, ಮೆತ್ತಗಿನ ಪೊರೆಗೆ ತಗುಲಿದರೂ ಸುಲಭವಾಗಿ ಹರಿಯುವುದಿಲ್ಲ ಎಂದು ವಿವರಿಸಿದರು.

ನೋವಿಗಿಂತ ಹೆಚ್ಚು ತ್ರಾಸವಾದದ್ದು ನಂತರದ ಎರಡು ವಾರಗಳ ಪಥ್ಯ. ಮೂಗು ಸೀಟುವಂತಿಲ್ಲ. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ತಡೆಯಬಾರದು. ಸ್ಟ್ರಾ ಹಾಕಿ ಎಳನೀರು ಕುಡಿಯಬಾರದು. ಎರಡು ದಿಂಬಿಟ್ಟು ತಲೆ ಎತ್ತರಿಸಿ ಮಲಗಬೇಕು. ವಿಮಾನ ಹತ್ತಬಾರದು, ಭಾರ ಎತ್ತಬಾರದು. ಮೊದಲ ಎರಡು ದಿನ ಮೂಗಿನಿಂದ ಸ್ವಲ್ಪ ರಕ್ತ ಬಂತು, ಮೂರನೆಯ ದಿನ ಕೆನ್ನೆ ಚೆನ್ನಾಗಿ ಊದಿಕೊಂಡು ಕಣ್ಣಿನ ಕೆಳಗೆ ನೀಲಿಗಟ್ಟಿತು, ವಾರದಲ್ಲಿ ಇಳಿಯಿತು. ನಿಮ್ಮ ತಾಯಿಯವರಿಗೆ ಶೀತ, ಧೂಳಿನ ಅಲರ್ಜಿ ಇದ್ದರೆ ಆ ಕಾಲವನ್ನು ತಪ್ಪಿಸಿ ದಿನ ಗೊತ್ತುಮಾಡಿ. ಐದು ವರ್ಷವಾಯಿತು, ಹಲ್ಲು ಗಟ್ಟಿಯಾಗಿದೆ, ಹುರಿಗಡಲೆ ಅಗಿಯುತ್ತೇನೆ.

ವಸಡುವೈದ್ಯ, ದಾವಣಗೆರೆ

ಮೇಷ್ಟ್ರು ಹೇಳಿದ ಅಡ್ಡಗೋಡೆ ಅಪರೂಪವೇನಲ್ಲ. ಸುಮಾರು ಮೂರನೇ ಒಂದು ಭಾಗದಷ್ಟು ಸೈನಸ್ಸುಗಳಲ್ಲಿ ಇರುತ್ತದೆ. ಈ ಶಸ್ತ್ರಚಿಕಿತ್ಸೆಯಲ್ಲಿ ಅತಿ ಹೆಚ್ಚಾಗಿ ಆಗುವ ತೊಡಕೆಂದರೆ ಪೊರೆ ಹರಿಯುವುದೇ. ಸರಿಸುಮಾರು ಐದು ಮಂದಿಯಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಸಣ್ಣ ಹರಕಾದರೆ ಮೇಲೆ ಕೊಲಾಜನ್ ಎಂಬ ಪ್ರೋಟೀನಿನ ಹಾಳೆಯ ತೇಪೆಯಿಟ್ಟು ಮುಂದುವರಿಯಬಹುದು, ದೊಡ್ಡದಾದರೆ ನಿಲ್ಲಿಸುವುದೇ ಸರಿ. ಆದ್ದರಿಂದ ‘ಪೊರೆ ಹರಿದರೆ ಏನು ಮಾಡುತ್ತೀರಿ, ಅಂದಿನ ಖರ್ಚು ಹೇಗೆ?’ ಎಂದು ಮೊದಲೇ ಕೇಳಿಕೊಳ್ಳಿ. ಈ ಪ್ರಶ್ನೆಗೆ ಯಾವ ವೈದ್ಯರೂ ಬೇಸರಪಡಬಾರದು.

ಶ್ರಾವಕ, ಮೂಡುಬಿದಿರೆ

‘ಆ ಪುಡಿ ಯಾವುದರದ್ದು?’ ಎಂದು ನಿಮ್ಮ ತಾಯಿಯವರು ಕೇಳಿದ ಪ್ರಶ್ನೆಯನ್ನು ಓದಿ ನಾನು ಬರೆಯದೆ ಇರಲಾರದಾದೆ. ಮೂರು ವರ್ಷಗಳ ಹಿಂದೆ ನನಗೆ ಕೆಳದವಡೆಯಲ್ಲಿ ಮೂಳೆ ಕಸಿ ಆಯಿತು. ನಾವು ಜೈನರು, ಪ್ರಾಣಿಮೂಲದ್ದು ಬೇಡವೆಂದು ಮೊದಲೇ ಹೇಳಿದ್ದೆ. ವೈದ್ಯರು ಒಪ್ಪಿ ಕೃತಕ ಕಸಿಯನ್ನೇ ಹಾಕಿದರು. ಬಿಲ್ಲಿನಲ್ಲಿ ‘ಮೆಂಬ್ರೇನ್’ ಎಂಬ ಇನ್ನೊಂದು ಸಾಲು ಇತ್ತು. ಕಸಿಯ ಮೇಲೆ ಹೊದಿಸುವ ಆ ಹಾಳೆ ಹಂದಿಯ ಅಂಗಾಂಶದಿಂದ ತೆಗೆದ ಕೊಲಾಜನ್ ಎಂಬುದು, ಮನೆಗೆ ಬಂದು ಖಾಲಿ ಪೊಟ್ಟಣದ ಮೇಲಿನ ಅಕ್ಷರಗಳನ್ನು ಮಗನಿಂದ ಓದಿಸಿದಾಗ ತಿಳಿಯಿತು. ವೈದ್ಯರು ಸುಳ್ಳು ಹೇಳಿರಲಿಲ್ಲ. ನಾನು ಪುಡಿಯ ಬಗ್ಗೆ ಕೇಳಿದೆ, ಅವರು ಪುಡಿಯ ಬಗ್ಗೆ ಹೇಳಿದರು. ಆದರೆ ನನ್ನ ಕಳವಳದ ಅರ್ಥ ಅವರಿಗೆ ತಿಳಿದಿತ್ತು ಎಂಬುದೇ ಇಂದಿಗೂ ನನ್ನನ್ನು ನೋಯಿಸುತ್ತದೆ. ದಯವಿಟ್ಟು ಪುಡಿ ಮತ್ತು ಹಾಳೆ ಎರಡರ ಮೂಲವನ್ನೂ ಬೇರೆ ಬೇರೆಯಾಗಿ ಕೇಳಿ, ಬರೆಸಿಕೊಳ್ಳಿ.

ವಸಡುವೈದ್ಯ, ದಾವಣಗೆರೆ

ಇದು ನಮ್ಮ ವೃತ್ತಿಯವರೆಲ್ಲ ತಿದ್ದಿಕೊಳ್ಳಬೇಕಾದ ಲೋಪ. ನಿಮಗಾದ ನೋವನ್ನು ನಾನು ಒಪ್ಪುತ್ತೇನೆ.

ಕಸಿಯ ಮೂಲಗಳನ್ನು ಬಿಡಿಸಿ ಹೇಳುತ್ತೇನೆ. ಎಲ್ಲಕ್ಕಿಂತ ಹಳೆಯದು ರೋಗಿಯ ಸ್ವಂತ ಮೂಳೆ. ಅದನ್ನು ಗದ್ದದಿಂದಲೋ, ಕೆಳದವಡೆಯ ಹಿಂಭಾಗದಿಂದಲೋ ತೆಗೆಯುತ್ತಾರೆ. ಜೀವಕೋಶಗಳಿರುವುದು ಅದರಲ್ಲಿ ಮಾತ್ರ, ಆದರೆ ಎರಡನೆಯ ಗಾಯವಾಗುತ್ತದೆ. ಎರಡನೆಯದು ಮರಣಾನಂತರ ದಾನವಾಗಿ ಬಂದ ಮಾನವ ಮೂಳೆಯನ್ನು ಸಂಸ್ಕರಿಸಿದ್ದು. ಮೂರನೆಯದು ಪ್ರಾಣಿಮೂಲದ್ದು, ಬಹುತೇಕ ದನದ ಮೂಳೆ. ಅದರ ಸಾವಯವ ಅಂಶವನ್ನೆಲ್ಲ ತೆಗೆದು ಖನಿಜದ ಜಾಲರಿಯನ್ನು ಮಾತ್ರ ಉಳಿಸಿರುತ್ತಾರೆ. ಸೈನಸ್ ಲಿಫ್ಟ್‌ನಲ್ಲಿ ಜಗತ್ತಿನಾದ್ಯಂತ ಬಹಳವಾಗಿ ಬಳಕೆಯಾಗುವುದು ಇದೇ. ಬಹಳ ನಿಧಾನವಾಗಿ ಕರಗುವುದರಿಂದ ಎತ್ತಿದ ಎತ್ತರ ಕುಸಿಯದೆ ಉಳಿಯುತ್ತದೆ ಎಂಬುದು ಅದಕ್ಕೆ ಕಾರಣ. ನಾಲ್ಕನೆಯದು ಕಾರ್ಖಾನೆಯಲ್ಲಿ ತಯಾರಾದ ಕ್ಯಾಲ್ಸಿಯಂ ಫಾಸ್ಫೇಟ್ ಲವಣಗಳು: ಹೈಡ್ರಾಕ್ಸಿಅಪಟೈಟ್, ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಅಥವಾ ಇವೆರಡರ ಮಿಶ್ರಣ. ಬೀಟಾ ಟ್ರೈಕ್ಯಾಲ್ಸಿಯಂ ಒಂದೇ ಆದರೆ ಬೇಗ ಕರಗುತ್ತದೆ, ಹೈಡ್ರಾಕ್ಸಿಅಪಟೈಟ್ ಉಳಿಯುತ್ತದೆ, ಅದಕ್ಕಾಗಿಯೇ ಬೆರೆಸುವುದು.

ದನದ ಮೂಳೆಯ ಕಸಿಗೆ ದೀರ್ಘ ಅನುಭವದ ಬೆಂಬಲವಿದೆ ಎಂಬುದು ನಿಜ. ಆದರೆ ಕೃತಕ ಕಸಿಯಿಂದಲೂ ಸೈನಸ್ಸಿನಲ್ಲಿ ಒಳ್ಳೆಯ ಫಲಿತಾಂಶ ಬರುತ್ತದೆ, ಏಕೆಂದರೆ ಆ ಜಾಗಕ್ಕೆ ನಾಲ್ಕೂ ಕಡೆ ಮೂಳೆಯ ಗೋಡೆಗಳಿರುವುದರಿಂದ ಕಸಿಯು ಚದುರುವುದಿಲ್ಲ. ಕಿಂಡಿಯ ಮೇಲೆ ಹೊದಿಸಲು ಪ್ರಾಣಿಮೂಲದ ಹಾಳೆಯ ಬದಲು, ರೋಗಿಯದೇ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಪಡೆಯುವ ಪಿಆರ್‌ಎಫ್ ಎಂಬ ಫೈಬ್ರಿನ್ ಪದರವನ್ನು ನಾನು ಅನೇಕರಿಗೆ ಬಳಸಿದ್ದೇನೆ. ಫ್ರಾನ್ಸಿನ ಜೋಸೆಫ್ ಶುಕ್ರೂನ್ 2001ರಲ್ಲಿ ಪ್ರಕಟಿಸಿದ ವಿಧಾನವಿದು. ಗೋವನ್ನು ಪೂಜಿಸುವ ಮನೆಯವರಿಗೆ ಈ ದಾರಿ ಇದೆಯೆಂದು ಹೇಳದೆ ಇರುವುದಕ್ಕೆ ಯಾವ ವೈದ್ಯಕೀಯ ಕಾರಣವೂ ಇಲ್ಲ.

ಕಿವಿ-ಮೂಗು-ಗಂಟಲು ವೈದ್ಯೆ, ಉಡುಪಿ

ಇಲ್ಲಿಯವರೆಗಿನ ಚರ್ಚೆಯಲ್ಲಿ ಕೆಳಗಿನ ಮೂಳೆಯ ಮಾತು ಬಂದಿದೆ, ಮೇಲಿನ ಸೈನಸ್ ಆರೋಗ್ಯವಾಗಿದೆಯೆ ಎಂಬ ಮಾತು ಬಂದಿಲ್ಲ. ಆ ಕೋಣೆಯಲ್ಲಿ ಸದಾ ಸಿಂಬಳ ಉತ್ಪತ್ತಿಯಾಗುತ್ತಿರುತ್ತದೆ. ಅದು ಹೊರಬೀಳುವ ದ್ವಾರವಿರುವುದು ಕೆಳಗಲ್ಲ, ಮೂಗಿನ ಕಡೆಯ ಗೋಡೆಯ ಮೇಲ್ಭಾಗದಲ್ಲಿ. ಪೊರೆಯ ಮೇಲಿನ ಸೂಕ್ಷ್ಮ ರೋಮಗಳು ಸಿಂಬಳವನ್ನು ಮೇಲಕ್ಕೆ ತಳ್ಳಿ ಆ ದ್ವಾರಕ್ಕೆ ಮುಟ್ಟಿಸಬೇಕು. ಮೊದಲೇ ಊದಿಕೊಂಡಿರುವ ಪೊರೆಯನ್ನು ಇನ್ನಷ್ಟು ಮೇಲಕ್ಕೆತ್ತಿದಾಗ ಆ ದ್ವಾರ ಮುಚ್ಚಿಹೋದರೆ ಒಳಗೆ ಕೀವು ತುಂಬುತ್ತದೆ, ಕಸಿಯೂ ಹಾಳಾಗುತ್ತದೆ. ಅಂಥ ಇಬ್ಬರು ರೋಗಿಗಳ ಸೈನಸ್ಸನ್ನು ನಾನೇ ಎಂಡೋಸ್ಕೋಪ್ ಮೂಲಕ ತೊಳೆದು ಪುಡಿಯನ್ನು ಹೊರತೆಗೆದಿದ್ದೇನೆ.

ಆದ್ದರಿಂದ ಎರಡು ಪ್ರಶ್ನೆ. ಸ್ಕ್ಯಾನ್ ಆ ದ್ವಾರದ ಮಟ್ಟದವರೆಗೂ ತೆಗೆದದ್ದೋ, ಹಲ್ಲಿನ ಭಾಗಕ್ಕಷ್ಟೇ ಸೀಮಿತವೋ? ಪೊರೆಯ ದಪ್ಪ ಎಷ್ಟೆಂದು ವರದಿಯಲ್ಲಿ ಬರೆದಿದ್ದಾರೆಯೆ? 5 ಮಿ.ಮೀ.ಗಿಂತ ಹೆಚ್ಚು ದಪ್ಪವಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲು ನಮ್ಮ ವಿಭಾಗದವರಿಗೆ ತೋರಿಸುವುದು ಒಳ್ಳೆಯದು. ಒಂದೇ ಬದಿಯ ಸೈನಸ್ ಊದಿಕೊಂಡಿದ್ದರೆ ನಾನು ಮೊದಲು ಅನುಮಾನಿಸುವುದು ಹಲ್ಲನ್ನು. 1651ರಲ್ಲಿ ಈ ಕೋಣೆಯನ್ನು ವಿವರವಾಗಿ ವರ್ಣಿಸಿದ ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ ಕೂಡ, ಹಲ್ಲು ಕಿತ್ತ ಕುಳಿಯಿಂದ ಸೈನಸ್ಸಿನ ಕೀವು ಹರಿದ ಒಬ್ಬ ಮಹಿಳೆಯ ವಿಷಯವನ್ನು ದಾಖಲಿಸಿದ್ದರು. ಅಷ್ಟು ಹಳೆಯ ಸಂಬಂಧವನ್ನು ನಾವು ಇಂದಿಗೂ ಮರೆಯುತ್ತೇವೆ.

ಶಿರಸಿಯ ಮಗಳು

ನಿಮ್ಮೆಲ್ಲರ ಉತ್ತರಗಳನ್ನು ಆಯಿಗೆ ಓದಿ ಹೇಳಿದೆ. ಮೂಳೆ ಸವೆತಕ್ಕೆ ಎರಡು ವರ್ಷದಿಂದ ವಾರಕ್ಕೊಂದು ಮಾತ್ರೆ ನುಂಗುತ್ತಿದ್ದಾರೆ. ಹುಬ್ಬಳ್ಳಿಯಲ್ಲಿ ಯಾರೂ ಕೇಳಿರಲಿಲ್ಲವಾದ್ದರಿಂದ ಅದು ಮುಖ್ಯವೆಂದು ನಮಗೆ ಹೊಳೆದಿರಲಿಲ್ಲ. ಬಾಯಿ ಎರಡೂವರೆ ಬೆರಳಿನಷ್ಟು ತೆರೆಯುತ್ತದೆ, ಖಾರ ತಿಂದರೆ ಉರಿ.

ವೈದ್ಯೆಯವರು ಕೇಳಿದ್ದರಿಂದ ಸ್ಕ್ಯಾನಿನ ಸಿ.ಡಿ.ಯನ್ನು ವಿಕಿರಣತಜ್ಞರಿಗೆ ಕೊಟ್ಟು ಪೂರ್ಣ ವರದಿ ಬರೆಸಿದೆ. ಇಲ್ಲಿಯವರೆಗೆ ನಮ್ಮ ಕೈಯಲ್ಲಿದ್ದದ್ದು ಅಳತೆ ಗುರುತಿಸಿದ ಎರಡು ಚಿತ್ರಗಳು ಮಾತ್ರ. ವರದಿಯ ಪ್ರಕಾರ ಬಲಗಡೆಯ ಪೊರೆ 7 ಮಿ.ಮೀ. ದಪ್ಪವಾಗಿದೆ, ಎಡಗಡೆ ಸರಿಯಾಗಿದೆ. ಕಿತ್ತ ಹಲ್ಲುಗಳ ಪಕ್ಕದ ಕಿರುದವಡೆ ಹಲ್ಲಿಗೆ ಬಹಳ ಹಿಂದೆ ರೂಟ್ ಕೆನಾಲ್ ಆಗಿತ್ತು. ಅದರ ಬೇರಿನ ತುದಿಯಲ್ಲಿ ಸೋಂಕಿದೆಯಂತೆ. ಆ ಹಲ್ಲು ಒಂದು ದಿನವೂ ನೋಯಲಿಲ್ಲ ಎಂದು ಆಯಿ ಹೇಳುತ್ತಾರೆ.

ಕಿವಿ-ಮೂಗು-ಗಂಟಲು ವೈದ್ಯೆ, ಉಡುಪಿ

ನೋಯದಿರುವುದೇ ಹೆಚ್ಚು. ಸೋಂಕು ಮೇಲಕ್ಕೆ ಸೈನಸ್ಸಿನೊಳಗೆ ದಾರಿ ಮಾಡಿಕೊಂಡಾಗ ಒತ್ತಡ ಕಟ್ಟುವುದಿಲ್ಲ, ನೋವು ಬರುವುದಿಲ್ಲ. ಆ ಹಲ್ಲಿನ ಚಿಕಿತ್ಸೆ ಮೊದಲಾಗಲಿ. ಪೊರೆ ಇಳಿಯಲು ಕೆಲವು ತಿಂಗಳು ಬೇಕಾಗಬಹುದು.

ವಸಡುವೈದ್ಯ, ದಾವಣಗೆರೆ

ಮೇಡಂ ಅವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆ ಹಲ್ಲನ್ನು ಕೀಳಿಸಲು ಅವಸರಪಡಬೇಡಿ, ಮರು ರೂಟ್ ಕೆನಾಲ್ ಸಾಧ್ಯವೆ ಎಂದು ಕೇಳಿ. ಮೂಳೆ ಸವೆತದ ಈ ಗುಂಪಿನ ಔಷಧಗಳಿಂದ ದವಡೆಯ ಮೂಳೆ ಕೊಳೆಯುವ ತೊಂದರೆಯನ್ನು ಅಮೆರಿಕದ ರಾಬರ್ಟ್ ಮಾರ್ಕ್ಸ್ 2003ರಲ್ಲಿ ಮೊದಲು ವರದಿ ಮಾಡಿದರು. ಕ್ಯಾನ್ಸರಿಗಾಗಿ ರಕ್ತನಾಳದ ಮೂಲಕ ದೊಡ್ಡ ಪ್ರಮಾಣದಲ್ಲಿ ಪಡೆಯುವವರಲ್ಲಿ ಅಪಾಯ ಹೆಚ್ಚು. ವಾರದ ಮಾತ್ರೆಯನ್ನು ಎರಡು ವರ್ಷ ತೆಗೆದುಕೊಂಡವರಲ್ಲಿ ಬಹಳ ಕಡಿಮೆ. ಆದ್ದರಿಂದ ಹೆದರಬೇಕಿಲ್ಲ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂ ಬಾರದು. ಆದರೆ ಶಸ್ತ್ರಚಿಕಿತ್ಸಕರಿಗೆ ತಿಳಿದಿರಲೇಬೇಕು.

ನನಗೆ ಇದಕ್ಕಿಂತ ಹೆಚ್ಚು ಕಳವಳವಿರುವುದು ಕವಳದ ಬಗ್ಗೆ. ಬಾಯಿಯ ಉರಿ ಮತ್ತು ತೆರೆಯುವ ಅಳತೆ ಕುಗ್ಗುವುದು ಅಡಿಕೆಯಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ನ ಆರಂಭದ ಚಿಹ್ನೆಗಳಾಗಿರಬಹುದು. ಅದು ಬಾಯಿಯ ಒಳಪೊರೆ ಬಿಗಿಯಾಗುತ್ತಾ ಹೋಗುವ, ಕ್ಯಾನ್ಸರಿನತ್ತ ತಿರುಗುವ ಸಂಭವವಿರುವ ಸ್ಥಿತಿ. ಇಂಪ್ಲಾಂಟಿನ ವಿಷಯ ಹಾಗಿರಲಿ, ಬಾಯಿಯ ಒಳಮೈಯನ್ನು ಇದೇ ತಿಂಗಳು ಪರೀಕ್ಷೆ ಮಾಡಿಸಿ.

ಒಬ್ಬ ಓದುಗ, ಬೆಂಗಳೂರು

ಸೈನಸ್ಸನ್ನು ಮುಟ್ಟದೆಯೇ ಗಿಡ್ಡ ಇಂಪ್ಲಾಂಟ್ ಹಾಕಬಹುದಲ್ಲವೆ? ಕೆನ್ನೆಯ ಮೂಳೆಗೆ ಹಾಕುವ ಝೈಗೋಮಾ ಇಂಪ್ಲಾಂಟ್ ಕೂಡ ಇದೆಯೆಂದು ಓದಿದ್ದೆ.

ವಸಡುವೈದ್ಯ, ದಾವಣಗೆರೆ

ಝೈಗೋಮಾ ಇಂಪ್ಲಾಂಟ್ ಮೇಲ್ದವಡೆಯ ಹಲ್ಲೆಲ್ಲ ಹೋಗಿ ಮೂಳೆಯೂ ತೀರ ಸವೆದವರಿಗೆ. ಎರಡು ಹಲ್ಲಿಗಾಗಿ ಅದು ಬೇಡ. 6 ಮಿ.ಮೀ. ಉದ್ದದ ಗಿಡ್ಡ ಇಂಪ್ಲಾಂಟುಗಳು ಒಳ್ಳೆಯ ಆಯ್ಕೆಯೇ, ಆದರೆ ಅದಕ್ಕೆ ಅಷ್ಟು ಮೂಳೆ ಇರಬೇಕು. 3 ಮಿ.ಮೀ.ಗೆ ಅದೂ ಆಗದು.

ಆದರೆ ಈ ಪ್ರಶ್ನೆಯಿಂದ ಇನ್ನೊಂದು ನೆನಪಾಯಿತು. ಎರಡೂ ಹಲ್ಲು ಬೇಕೆ? ಕಿರುದವಡೆ ಹಲ್ಲುಗಳವರೆಗೆ ಎರಡೂ ಬದಿ ಚೆನ್ನಾಗಿದ್ದರೆ ಬಹಳ ಮಂದಿ ನೆಮ್ಮದಿಯಾಗಿ ಉಣ್ಣಬಲ್ಲರು ಎಂದು ನೆದರ್ಲ್ಯಾಂಡ್ಸ್‌ನ ಕೇಸರ್ 1981ರಲ್ಲಿಯೇ ತೋರಿಸಿದ್ದರು. ಮೊದಲ ದವಡೆಹಲ್ಲೊಂದನ್ನು ಕಟ್ಟಿಸಿದರೂ ನಿಮ್ಮ ತಾಯಿಯವರಿಗೆ ಸಾಕಾಗಬಹುದು. ಅವರಿಗೆ ಏನು ಬೇಕೆಂದು ಅವರನ್ನೇ ಕೇಳಿದ್ದೀರಾ?

ಶಿರಸಿಯ ಮಗಳು

ಏಳು ತಿಂಗಳ ನಂತರ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮೆಯಿರಲಿ.

ಮರು ರೂಟ್ ಕೆನಾಲ್ ಮೂರು ಭೇಟಿಯಲ್ಲಿ ಮುಗಿಯಿತು. ಕಳೆದ ವಾರದ ಸ್ಕ್ಯಾನಿನಲ್ಲಿ ಪೊರೆ 2 ಮಿ.ಮೀ.ಗೆ ಇಳಿದಿದೆ, ದ್ವಾರ ತೆರೆದಿದೆ. ಎಚ್‌ಬಿಎ1ಸಿ 7.2ಕ್ಕೆ ಬಂದಿದೆ. ಬಾಯಿಯ ಒಳಮೈಯ ಪರೀಕ್ಷೆಯಲ್ಲಿ ಫೈಬ್ರೋಸಿಸ್ ಆರಂಭದ ಹಂತದಲ್ಲಿದೆ ಎಂದು ಗೊತ್ತಾಯಿತು. ಅಂದಿನಿಂದ ಆಯಿ ತಂಬಾಕನ್ನೂ ಅಡಿಕೆಯನ್ನೂ ಬಿಟ್ಟಿದ್ದಾರೆ. ಮನೆಯ ಸುತ್ತ ಅಡಿಕೆ ತೋಟವೇ ಇರುವ, ನಲವತ್ತು ವರ್ಷ ಕವಳ ಹಾಕಿದ ಜೀವಕ್ಕೆ ಅದು ಎಷ್ಟು ಕಷ್ಟವೆಂಬುದನ್ನು ದಿನವೂ ನೋಡುತ್ತಿದ್ದೇನೆ. ಈಗ ಬಾಯಿಗೆ ಏಲಕ್ಕಿ ಹಾಕಿಕೊಳ್ಳುತ್ತಾರೆ.

ಸರ್ ಹೇಳಿದಂತೆ ಅವರನ್ನೇ ಕೇಳಿದೆ. ‘ಒಂದು ಹಲ್ಲು ಸಾಕು, ಆದರೆ ದನದ್ದು ಬೇಡ’ ಎಂದರು. ದಂತ ಕಾಲೇಜೊಂದರ ಆಸ್ಪತ್ರೆಯಲ್ಲಿ, ಬಾಯಿ ಶಸ್ತ್ರಚಿಕಿತ್ಸೆಯವರೂ ಕಿವಿ-ಮೂಗು-ಗಂಟಲಿನವರೂ ಒಟ್ಟಿಗೆ ನೋಡಿದ ಮೇಲೆ ಹೀಗೆ ನಿರ್ಧಾರವಾಗಿದೆ: ಪಕ್ಕದ ಕಿಂಡಿಯಿಂದ ಲಿಫ್ಟ್, ಕೃತಕ ಕಸಿ, ಕಿಂಡಿಗೆ ಅವರದೇ ರಕ್ತದ ಪಿಆರ್‌ಎಫ್ ಹೊದಿಕೆ, ಎಂಟು ತಿಂಗಳ ನಂತರ ಒಂದೇ ಇಂಪ್ಲಾಂಟ್. ಪೊರೆ ಹರಿದರೆ ನಿಲ್ಲಿಸಿ ಮತ್ತೆ ಮಾಡುವುದಾಗಿಯೂ, ಕಸಿಯ ಬಾಟಲಿ ತೆರೆಯದಿದ್ದರೆ ಅದರ ಹಣ ತೆಗೆದುಕೊಳ್ಳುವುದಿಲ್ಲವೆಂದೂ ಅವರೇ ಹೇಳಿದರು. ಒಪ್ಪಿಗೆ ಪತ್ರದಲ್ಲಿ ಕಸಿಯ ಹೆಸರು ಮತ್ತು ‘ಪ್ರಾಣಿಮೂಲದ್ದಲ್ಲ’ ಎಂಬ ಮಾತನ್ನು ಕನ್ನಡದಲ್ಲಿ ಬರೆಸಿ, ಆಯಿ ಅದನ್ನು ತಾವೇ ಓದಿ ಸಹಿ ಮಾಡಿದರು.

ದಿನ ಮಾತ್ರ ಇನ್ನೂ ಗೊತ್ತಾಗಿಲ್ಲ. ಅಡಿಕೆಯ ಕೊನೆಕೊಯ್ಲಿನ ಸಮಯದಲ್ಲಿ ಮನೆಯಲ್ಲಿ ಆಳುಕಾಳು, ಒಲೆ, ಹೊಗೆ ಎಲ್ಲ ಇರುವುದರಿಂದ, ಎರಡು ವಾರ ಸೀನದೆ ಬಗ್ಗದೆ ಇರುವುದು ಆಗದು. ಸುಗ್ಗಿ ಮುಗಿಯಲಿ ಎಂದಿದ್ದಾರೆ. ವೈದ್ಯರೂ ಅದೇ ಸರಿಯೆಂದರು.